ಡಿ ಗೇರಿನಲ್ಲಿ ಹತ್ತದ ದೀಪ

ಹೇಳಿಬಿಡುತ್ತೇನೆ ಎಂದು ಆದಿನಾಥ ಬೆಳಗಾವಿಯ ಬಸ್‌ಸ್ಟ್ಯಾಂಡಿನಲ್ಲೇ ತೀರ್ಮಾನ ಮಾಡಿದ್ದ. ತೀರ್ಮಾನ ಮಾಡಿದವನಿಗೆ ಎದೆ ಹಗುರಾಗಬೇಕು, ಅವನಿಗೆ ಆಗಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಅದೂ ತನಗೆ ಸಲ್ಲದ್ದು ಅನ್ನಿಸಿತು. ತೊಡೆಯ ಮೇಲೆ ರೆಕ್ಸಿನ್ ಚೀಲ, ಚೀಲದಲ್ಲಿ ನಟ್ಟು ಬಿಚ್ಚುವ ನಾಲ್ಕು ಪಾನಾ, ಒಂದು ಇಕ್ಕಳ, ಎರಡು ವೈರಿನ ತುದಿಗೆ ಪುಟ್ಟ ಬಲ್ಬು ಕಟ್ಟಿ ತಾನೇ ಮಾಡಿಕೊಂಡ ಟೆಸ್ಟ್ ಲ್ಯಾಂಪು. ಮೂವತ್ತೆರಡು ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದವನು, ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಯೊಂದರ ಗೋಡೆಗೆ ಆತುಕೊಂಡ ಅವನ ಶೆಡ್ಡಿಗೆ ದೊಡ್ಡ ದೊಡ್ಡ ಸಾಹೇಬರೇ ಗಾಡಿ ತಂದು ನಿಲ್ಲಿಸುತ್ತಾರೆ, ಅಂಥವನು ಇವತ್ತು ಒಂದು ಬಲ್ಬು ಹಿಡಿದು ಖಾನಾಪುರಕ್ಕೆ ಹೋಗಲು ಸ್ಕೂಟರು ಹೊಡೆಯುವ ಧೈರ್ಯ ಸಾಲದೆ ಬಸ್ಸು ಹತ್ತಿದ್ದಾನೆ. ಬೆಳಿಗ್ಗೆ ಶಿವಬಸವ ನಗರದ ಮನೆಯಲ್ಲಿ ಹೆಂಡತಿ ಶಾಂತಾಬಾಯಿ ಎಂದಿನಂತೆ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. "ಮಾರೀ ಯಾಕ ಹಿಂಗ ಆಗೇತ್ರಿ? ಜ್ವರಾ ಏನಾರ ಬಂದಾವೇನು?" ಎಂದು ಕೇಳಿದಳು. ಅವನು ಆ ಒದ್ದೆ ಬಟ್ಟೆಯನ್ನೇ ನೋಡುತ್ತ ನಿಂತಿದ್ದ. ಕಣ್ಣಿಗೆ ಕಾಣದ ಹುಳ ಹೊಟ್ಟೆಗೆ ಹೋಗಿ ಸತ್ತೀತೆಂದು ನೀರು ಸೋಸುವ ಮನೆ. ಆ ಮನೆಯ ಯಜಮಾನ ಎರಡು ವೈರು ಸೇರಿಸಿ, ಮೇಲೆ ಕರಿ ಟೇಪು ಸುತ್ತಿ, ಕೈ ತೊಳೆದುಕೊಂಡು ಊಟಕ್ಕೆ ಕೂತಿದ್ದ. ಊಟ ರುಚಿಯಾಗಿಯೇ ಇತ್ತು ಆವತ್ತು.

ಆಟೋಮ್ಯಾಟಿಕ್ ಗಾಡಿಯ ಗೇರಿನ ಪೆಟ್ಟಿಗೆಯ ಪಕ್ಕದಲ್ಲಿ ಅಂಗೈಯಗಲದ ಒಂದು ಸ್ವಿಚ್ಚಿರುತ್ತದೆ. ಒಳಗೆ ಕೂತವರು ಗೇರಿನ ಕೋಲನ್ನು ಎಲ್ಲಿಟ್ಟಿದ್ದಾರೆ ಎಂಬುದು ಅದಕ್ಕೆ ಗೊತ್ತು. ಗಾಡಿ ನಿಲ್ಲಿಸಿಡುವ ಪಿ-ಯಲ್ಲೋ, ಎತ್ತಲೂ ಎಳೆಯದ ಎನ್-ನಲ್ಲೋ ಇದ್ದರೆ ಮಾತ್ರ ಕೀಲಿ ತಿರುವಿದಾಗ ಸ್ಟಾರ್ಟರಿಗೆ ಕರೆಂಟು ಬಿಡುತ್ತದೆ. ಹಿಂದೆ ಹೋಗುವ ಆರ್-ನಲ್ಲಿ, ಮುಂದೆ ಹೋಗುವ ಡಿ-ಯಲ್ಲಿ ಎಷ್ಟು ತಿರುವಿದರೂ ಗಾಡಿ ತುಟಿ ಪಿಟಕ್ಕೆನ್ನುವುದಿಲ್ಲ. ಅನ್ನಬಾರದು, ಡಿ-ಯಲ್ಲಿ ಚಾಲೂ ಆದ ಗಾಡಿ ಆ ಕ್ಷಣವೇ ಮುಂದಕ್ಕೆ ಹಾರುತ್ತದೆ. ಶ್ರಾವಣದಲ್ಲಿ ಪರಾಗ ಗಾಡಿ ತಂದಾಗ ಈ ಸ್ವಿಚ್ಚು ಸತ್ತುಹೋಗಿತ್ತು, ಪಿ-ಯಲ್ಲೂ ಚಾಲೂ ಆಗುತ್ತಿರಲಿಲ್ಲ. ಹೊಸದು ಪುಣೆಯಿಂದ ಬರಬೇಕು, ಎಂಟು ದಿನ. ಪರಾಗ ಖಾನಾಪುರದಲ್ಲಿ ಕಾಲೇಜು ಮಾಸ್ತರ, ಆದಿನಾಥನ ಹಳೆಯ ಗಿರಾಕಿ, ಮನೆಮಾತು ಮರಾಠಿಯಾದರೂ ಆದಿನಾಥನ ಸಂಗಡ ಕನ್ನಡದಲ್ಲೇ ಮಾತು. "ಕಾಕಾ, ನಾಳಿ ಗೋವಾದಾಗ ದೋಸ್ತಂದು ಲಗ್ನ ಐತಿ. ಏನಾರ ಮಾಡ್ರಿ" ಎಂದ. ಏನಾದರೂ ಮಾಡುವುದಕ್ಕೆ ಶೆಡ್ಡಿನ ಮಂದಿಯಲ್ಲಿ ಒಂದೇ ಹೆಸರು: ಡೈರೆಕ್ಟ್. ಫ್ಯಾನು ತಿರುಗದಿದ್ದರೆ ಡೈರೆಕ್ಟ್, ಹಾರ್ನು ಕೂಗದಿದ್ದರೆ ಡೈರೆಕ್ಟ್. ಕೆಟ್ಟ ಸ್ವಿಚ್ಚನ್ನು ನಡುವಿನಿಂದ ಬಿಟ್ಟು, ಅದಕ್ಕೆ ಬರುವ ವೈರನ್ನೂ ಅದರಿಂದ ಹೋಗುವ ವೈರನ್ನೂ ಒಂದಕ್ಕೊಂದು ಹೊಸೆಯುವುದು. ನಾಲ್ಕು ನಿಮಿಷದ ಕೆಲಸ. ಮೂವತ್ತೆರಡು ವರ್ಷದಲ್ಲಿ ಅವನು ಎಷ್ಟು ಡೈರೆಕ್ಟ್ ಮಾಡಿದ್ದಾನೋ, ದೇವರಿಗೇ ಗೊತ್ತು. ಮಾಡಿ ಹೇಳಿದ್ದ: "ಎಂಟ ದಿನದ ಮಾತು. ಇನ್ನ ಇದು ಯಾವ ಗೇರಿನ್ಯಾಗಿದ್ರೂ ಚಾಲೂ ಆಗ್ತೈತಿ. ಬ್ರೇಕಿನ ಮ್ಯಾಲ ಕಾಲಿಟ್ಟ ಕೀಲಿ ತಿರುವ್ರಿ. ಮನ್ಯಾಗ ಎಲ್ಲಾರಿಗೂ ಹೇಳ್ರಿ." ಹೇಳಿದ್ದೆನಲ್ಲ? ಮೊದಲ ಮೂರು ಮಾತು ಹೇಳಿದ್ದು ಖರೆ. ಮನೆಯಲ್ಲಿ ಎಲ್ಲರಿಗೂ ಹೇಳಿ ಎಂಬ ಕೊನೆಯ ಮಾತನ್ನು ಆವತ್ತೇ ಹೇಳಿದ್ದೆನೋ, ಪರಾಗನ ತಾಯಿ ರಾಧಾಬಾಯಿ ಸತ್ತ ಮೇಲೆ ಹಾಸಿಗೆಯಲ್ಲಿ ಹೊರಳುತ್ತ ಸೇರಿಸಿಕೊಂಡೆನೋ, ಅವನಿಗೆ ಈಗ ಗೊತ್ತಾಗುತ್ತಿರಲಿಲ್ಲ.

ಬಸ್ಸು ದೇಸೂರು ದಾಟಿತು. ಪಕ್ಕದಲ್ಲಿ ಕೂತವನೊಬ್ಬ ನಿದ್ದೆಗೆ ಬಿದ್ದು ಇವನ ಹೆಗಲ ಮೇಲೆ ತಲೆ ಹಾಕಿದ. ಬೇರೆ ದಿನವಾಗಿದ್ದರೆ ಆದಿನಾಥ ಹೆಗಲು ಕೊಡವುತ್ತಿದ್ದ. ಇವತ್ತು ಅಲುಗಾಡದೆ ಕೂತ, ಒಬ್ಬ ಮನುಷ್ಯನಾದರೂ ತನ್ನನ್ನು ನಂಬಿ ಮಲಗಿದ್ದಾನೆ ಎಂಬಂತೆ. ಸ್ವಿಚ್ಚು ಗಣಪತಿ ಹಬ್ಬ ಮುಗಿದ ವಾರ ಪುಣೆಯಿಂದ ಬಂದಿತ್ತು. ಆದಿನಾಥ ಪರಾಗನಿಗೆ ಎರಡು ಸಲ ಫೋನು ಮಾಡಿದ್ದ. "ಬರ್ತೀನಿ ಕಾಕಾ, ಗಾಡಿ ಮಸ್ತ್ ನಡದೈತಿ" ಎಂದಿದ್ದ ಪರಾಗ. ಮೂರನೆಯ ಸಲ ಮಾಡಲಿಲ್ಲ. ಕಾಕತಿಯ ಒಬ್ಬ ಡಾಕ್ಟರರ ಗಾಡಿಗೆ ಅದೇ ಸ್ವಿಚ್ಚು ಬೇಕಾಯಿತು, ಅರ್ಜೆಂಟಿತ್ತು, ತೆಗೆದು ಹಾಕಿಬಿಟ್ಟ. ಇದನ್ನು ಅವನು ಯಾರಿಗೂ ಹೇಳಿಲ್ಲ. ಪರಾಗ ಬಂದಿದ್ದರೂ ಅವನಿಗೆ ಕೊಡಲು ಶೆಡ್ಡಿನಲ್ಲಿ ಸ್ವಿಚ್ಚೇ ಇರಲಿಲ್ಲ. ದೀಪಾವಳಿ ಕಳೆದು ಎರಡು ವಾರಕ್ಕೆ ಸುದ್ದಿ ಬಂತು. ಪರಾಗನ ಹೆಂಡತಿ ಸಾನಿಕಾ ಮಗಳನ್ನು ಸಾಲೆಯಿಂದ ಕರೆತಂದು ಮನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿದ್ದಾಳೆ. ಹಿಂದಿನ ಸೀಟಿನಲ್ಲಿ ಮಗಳು ಮುಗ್ಧಾ ಅಳುತ್ತಿದ್ದಳಂತೆ. ಕೋಲು ಡಿ-ಯಲ್ಲಿರುವಾಗಲೇ ಕೀಲಿ ಬಂದ್ ಮಾಡಿ ಹಿಂದೆ ತಿರುಗಿ ಮಗುವಿನ ಕಣ್ಣೊರೆಸಿದ್ದಾಳೆ. ಅಷ್ಟರಲ್ಲಿ ಅತ್ತೆ ರಾಧಾಬಾಯಿ ಗೇಟು ತೆಗೆಯಲು ಬಂದಿದ್ದಾರೆ. ಇವಳು ಮತ್ತೆ ಕೀಲಿ ತಿರುವಿದ್ದಾಳೆ, ಗಾಡಿ ಮುಂದಕ್ಕೆ ಹಾರಿ ಅತ್ತೆಯನ್ನು ಗೇಟಿನ ಕಂಬಕ್ಕೆ ಒತ್ತಿದೆ. ಸರಿಯಾದ ಗಾಡಿಯಾಗಿದ್ದರೆ ಸುಮ್ಮನಿರುತ್ತಿತ್ತು, ಇವಳು ಅಯ್ಯ ಎಂದು ಕೋಲನ್ನು ಪಿ-ಗೆ ತರುತ್ತಿದ್ದಳು, ರಾಧಾಬಾಯಿ ಆ ಮಧ್ಯಾಹ್ನ ಮೊಮ್ಮಗಳಿಗೆ ಅನ್ನ ಕಲಸಿ ಹಾಕುತ್ತಿದ್ದರು. ಸುದ್ದಿ ತಂದವನು ಹೋದ ಮೇಲೆ ಆದಿನಾಥ ಒಂದು ಹಾರ್ನಿನ ವೈರನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ. ಮಣ್ಣಿಗೂ ಹೋಗಲಿಲ್ಲ, ಹದಿಮೂರನೆಯ ದಿನಕ್ಕೂ ಹೋಗಲಿಲ್ಲ.

ನಿನ್ನೆ ಪರಾಗನ ಫೋನು ಬಂದಿತ್ತು. ಮನೆಯಲ್ಲಿ ಜಗಳ ಮುಗಿಯುತ್ತಿಲ್ಲ. ಸಾನಿಕಾ ಹೇಳುವುದು ಒಂದೇ ಮಾತು, ನಾನು ಆಕ್ಸಿಲರೇಟರ್ ತುಳಿದಿಲ್ಲ, ಕೋಲು ಡಿ-ಯಲ್ಲಿತ್ತು, ಬರೀ ಕೀಲಿ ತಿರುವಿದೆ. ಪರಾಗನ ಅಪ್ಪ ಪಂಢರಿನಾಥ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರು ಗಾಡಿಯ ಸಂಗಡ ಬಂದ ಪುಸ್ತಕ ಓದಿದ್ದಾರೆ. ಡಿ-ಯಲ್ಲಿ ಚಾಲೂ ಆಗುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಎಂದ ಮೇಲೆ ಸೊಸೆ ಸುಳ್ಳು ಹೇಳುತ್ತಿದ್ದಾಳೆ. ಚಾಲೂ ಇದ್ದ ಗಾಡಿಯ ಆಕ್ಸಿಲರೇಟರ್ ತುಳಿದಿದ್ದಾಳೆ. ಸುಳ್ಳು ಹೇಳುವವಳ ಕೈಯಲ್ಲಿ ಮೊಮ್ಮಗಳನ್ನು ಬಿಡುವುದಿಲ್ಲ, ತವರಿಗೆ ಹೋಗಲಿ ಎಂದು ಕೂತಿದ್ದಾರೆ. "ಆದಿನಾಥ ಕಾಕಾ ಬಂದು ಸ್ವಿಚ್ ಚೆಕ್ ಮಾಡ್ಲಿ, ಅವರು ಏನ ಹೇಳ್ತಾರೋ ಅದ ಖರೆ ಅಂತ ಆಕೀನ ಅಂದಾಳ" ಎಂದ ಪರಾಗ. ಸ್ವಲ್ಪ ತಡೆದು, "ಬರ್ರಿ ಕಾಕಾ. ಏನೂ ಅಂಜಬ್ಯಾಡ್ರಿ. ಎಲ್ಲಾ ಬರೋಬ್ಬರಿ ಐತಿ" ಎಂದ. ಆ ಕೊನೆಯ ಮಾತು ರಾತ್ರಿಯೆಲ್ಲ ಹಲ್ಲಿನ ಸಂದಿಯ ನಾರಿನಂತೆ ಅವನಿಗೆ ಕಿರಿಕಿರಿ ಮಾಡಿತ್ತು. ಏನು ಸರಿಯಾಗಿದೆ, ಏನು ಬರೋಬ್ಬರಿ?

ಮಲಪ್ರಭೆಯ ಸೇತುವೆಯ ಈಚೆ ಇಳಿದು ನಡೆದ. ಪರಾಗನ ಮನೆಯ ಗೇಟಿಗೆ ಹೊಸ ಬಣ್ಣ ಬಳಿದಿದ್ದರು, ಎಡಗಂಬಕ್ಕೆ ಹೊಸ ಸಿಮೆಂಟು ಮೆತ್ತಿದ್ದರು. ಆದಿನಾಥ ಕಂಬವನ್ನು ನೋಡಬಾರದೆಂದುಕೊಂಡು ಅದನ್ನೇ ನೋಡಿದ. ಅಂಗಳದಲ್ಲಿ ಬಿಳಿ ಗಾಡಿ ಬಿಸಿಲಿಗೆ ನಿಂತಿತ್ತು. ಪಂಢರಿನಾಥ ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ಆ ಪುಸ್ತಕ, ನಡುವೆ ಬಸ್ಸಿನ ಟಿಕೆಟ್ಟೊಂದು ಗುರುತಿಗೆ. ಮನುಷ್ಯ ಎರಡು ತಿಂಗಳಲ್ಲಿ ಅರ್ಧವಾಗಿದ್ದರು. ಸಾನಿಕಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಹೊರಗೆ ಬರಲು ಯಾರಾದರೂ ಅಪ್ಪಣೆ ಕೊಡಲಿ ಎಂಬಂತೆ. ಅವನನ್ನು ಕಂಡದ್ದೇ ಅವಳ ಮುಖ ಅರಳಿತು. ಅಷ್ಟು ನಂಬಿಕೆಯಿಂದ ಅವನನ್ನು ಇಷ್ಟು ವರ್ಷದಲ್ಲಿ ಯಾರೂ ನೋಡಿರಲಿಲ್ಲ.

"ಕುಂದರ್ರಿ ಆದಿನಾಥ," ಎಂದರು ಪಂಢರಿನಾಥ. "ನಾ ಕೆಟ್ಟ ಮನಶ್ಯಾ ಅಲ್ಲ. ತಪ್ಪು ಯಾರ ಕೈಲೇನೂ ಆಗ್ತೈತಿ. 'ಬಾಬಾ, ನನ್ನ ಕಾಲ ತಪ್ಪೇತಿ' ಅಂತ ಒಂದ ಮಾತ ಅಂದಿದ್ರ ಇದ ಮನ್ಯಾಗ ಇಟ್ಕೊತಿದ್ದೆ. ದಿನಾ ಒಂದ ಸುಳ್ಳ ಹೇಳ್ತಾಳ. ಆಕೀ ಕಲಿಸಿದ್ದನ್ನ ಆ ಕೂಸು ಕಲೀತೈತಿ. ನನಗ ಅದ ಬ್ಯಾಡ. ನೀವು ನೋಡ್ರಿ, ಇದ್ದದ್ದ ಇದ್ಹಂಗ ಹೇಳ್ರಿ."

ಈಗ ಹೇಳಬಹುದಿತ್ತು. ಗಾಡಿ ಮುಟ್ಟುವ ಮೊದಲೇ, ನಿಂತಲ್ಲೇ. ಬಸ್ಸಿನಲ್ಲಿ ಕೂಡಿಸಿಟ್ಟ ಮಾತು ನಾಲಿಗೆಯ ತುದಿಗೂ ಬಂತು: ಮಾಸ್ತರ್ರ, ನಿಮ್ಮ ಸೊಸಿ ಹೇಳೋದು ಖರೆ, ನಾ ಡೈರೆಕ್ಟ್ ಮಾಡಿದ್ದೆ. ಆದರೆ ತೋರಿಸಿ ಹೇಳಿದರೆ ಗಟ್ಟಿಯಾಗುತ್ತದೆ, ಮೊದಲು ಬಾನೆಟ್ ತೆಗೆಯೋಣ, ಟೇಪು ಬಿಚ್ಚಿ ಜೋಡಿಸಿದ ವೈರನ್ನು ತೋರಿಸೋಣ ಎಂದು ತನಗೆ ತಾನೇ ಹೇಳಿಕೊಂಡ. ಅವನು ಕೇಳುವ ಮೊದಲೇ ಪರಾಗ ಬಾನೆಟ್ ಎತ್ತಿ ನಿಂತಿದ್ದ. ಆದಿನಾಥ ಬಗ್ಗಿದ. ಬ್ಯಾಟರಿಯ ಕೆಳಗೆ, ಗೇರಿನ ಪೆಟ್ಟಿಗೆಯ ಪಕ್ಕದಲ್ಲಿ, ಎಂಟು ವರ್ಷದ ಎಣ್ಣೆ ಧೂಳಿನ ನಡುವೆ ಸ್ವಿಚ್ಚು ಹೊಸದಾಗಿ ಹೊಳೆಯುತ್ತಿತ್ತು. ಅವನ ಟೇಪು ಇರಲಿಲ್ಲ. ಅವನು ಹೊಸೆದ ವೈರು ಇರಲಿಲ್ಲ. ಯಾರೋ ಒಳ್ಳೆಯ ಕೆಲಸಗಾರ ಎರಡನ್ನೂ ಬಿಡಿಸಿ ಅವವುಗಳ ಜಾಗಕ್ಕೆ ಕೂರಿಸಿದ್ದ. ಪರಾಗ ಬಾನೆಟ್ಟಿನ ಮರೆಯಲ್ಲಿ ಮುಖ ತಂದು ಪಿಸುಗುಟ್ಟಿದ: "ಹುಬ್ಬಳ್ಳಿಗೆ ಒಯ್ದು ಹಾಕಿಸಿದೆ. ಕಾಕಾ, ಹೆತ್ತ ಆಯಿ ಹೋದ್ಲು. ನಾನ ಮಾಡಿಸಿದ್ದು ಅಂತ ಗೊತ್ತಾದ್ರ ಬಾಬಾನೂ ಉಳಿಯಂಗಿಲ್ಲ. ನಿಮ್ಮ ಶೆಡ್ಡೂ ಉಳಿಯಂಗಿಲ್ಲ. ಸಾನಿಕಾನ್ನ ನಾ ಆರ ತಿಂಗಳಕ್ಕ ತಿರುಗಿ ಕರಕೊಂಡ ಬರ್ತೀನಿ. ಬಾಬಾನ ಸಿಟ್ಟ ಇಳೀಲಿ."

ಆದಿನಾಥನಿಗೆ ಮೊದಲು ಬಂದದ್ದು ಸಿಟ್ಟಲ್ಲ. ಮೊದಲು ಬಂದದ್ದು ಬಿಡುಗಡೆ. ಮೊಣಕಾಲಿನಿಂದ ಮೇಲೆ ತಣ್ಣಗೆ ಏರಿ ಬಂತು, ಜ್ವರ ಬಿಟ್ಟಾಗ ಬೆವರು ಬಂದ ಹಾಗೆ. ಸಾಕ್ಷಿಯೇ ಇಲ್ಲ. ಇನ್ನು ಅವನು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಈ ಬಿಡುಗಡೆಗೆ ಅವನಿಗೇ ನಾಚಿಕೆಯಾಯಿತು, ಆದರೂ ಅದು ಹೋಗಲಿಲ್ಲ. ಪರಾಗನ ಕೆನ್ನೆಗೆ ಒಂದು ಬಾರಿಸಿದಂತೆ ಕಣ್ಣೆದುರು ಕಂಡಿತು, ಕಂಡದ್ದು ಅಷ್ಟೇ. ಕೈ ತನ್ನಷ್ಟಕ್ಕೆ ತಾನು ಚೀಲದಿಂದ ಲ್ಯಾಂಪು ತೆಗೆಯಿತು. ಸ್ಟಾರ್ಟರಿಗೆ ಹೋಗುವ ಸಣ್ಣ ವೈರನ್ನು ಬಿಚ್ಚಿ ಅದಕ್ಕೆ ಲ್ಯಾಂಪು ಕಟ್ಟಿದರೆ ಗಾಡಿ ಚಾಲೂ ಆಗುವುದಿಲ್ಲ, ಕರೆಂಟು ಬಂದಾಗ ದೀಪ ಮಾತ್ರ ಹತ್ತುತ್ತದೆ. ಒಳಗೊಬ್ಬರು ಕೂತು ಗೇರಿನ ಹೆಸರು ಕೂಗಿ ಕೀಲಿ ತಿರುವಬೇಕು, ಹೊರಗಿದ್ದವನು ದೀಪ ನೋಡಿ ಕೂಗಬೇಕು. ಪರಾಗ ಗಾಡಿಯ ಬಾಗಿಲ ಕಡೆ ಹೊರಟ. "ನೀ ಬ್ಯಾಡ," ಎಂದರು ಪಂಢರಿನಾಥ. "ಆಕೀನ ಕುಂದರ್ಲಿ. ಆಕೀ ಕೈಲೇ ಆಗ್ಲಿ."

ಎರಡು ತಿಂಗಳಿಂದ ಮುಟ್ಟದ ಗಾಡಿಯೊಳಗೆ ಸಾನಿಕಾ ಕೂತಳು. ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಿಂದ, ಗಾಜಿನಾಚೆ ಅವಳ ಮುಖ ಕಾಣುತ್ತಿತ್ತು. ಕೋಲಿನ ಮೇಲೆ ಕೈಯಿಡುವ ಮೊದಲು ಸೆರಗಿಗೆ ಅಂಗೈ ಒರೆಸಿಕೊಂಡಳು. ಒಳಗಿನ ಕೋಣೆಯಿಂದ ಮುಗ್ಧಾ "ಮಮ್ಮಿ ಗಾಡಿ ಹೊಡೀತಾಳ" ಎಂದು ಓಡಿ ಬಂದಳು, ಅಜ್ಜ ತೋಳು ಹಿಡಿದು ನಿಲ್ಲಿಸಿಕೊಂಡರು.

"ಪಿ," ಎಂದಳು ಸಾನಿಕಾ.

"ಹತ್ತಿತು," ಎಂದ ಆದಿನಾಥ.

"ಆರ್."

"ಇಲ್ಲ."

"ಎನ್."

"ಹತ್ತಿತು."

ಆಮೇಲೆ, ಎಲ್ಲರಿಗೂ ಕೇಳುವಂತೆ, "ಡಿ" ಎಂದಳು. ಕೀಲಿ ತಿರುವಿದ ಟಿಕ್ ಸದ್ದು ಕೇಳಿತು. ಬಲ್ಬು ಆದಿನಾಥನ ಬೆರಳ ನಡುವೆ ಸತ್ತಂತೆ ಇತ್ತು. ಪಂಢರಿನಾಥ ಎದ್ದು ಬಂದು ಅವನ ಭುಜದ ಪಕ್ಕ ನಿಂತು ಬಲ್ಬನ್ನೇ ನೋಡುತ್ತಿದ್ದರು, ಪ್ರಯೋಗಶಾಲೆಯಲ್ಲಿ ಹುಡುಗರ ಕೆಲಸ ನೋಡುವ ಹಾಗೆ. "ಇಲ್ಲ," ಎಂದ ಆದಿನಾಥ. ಅವಳು ಮತ್ತೆ ತಿರುವಿದಳು. ಇಲ್ಲ. ಮೂರನೆಯ ಸಲ ಕೀಲಿಯನ್ನು ಹಿಡಿದೇ ಇದ್ದಳು, ಹಿಡಿದೇ ಇದ್ದರೆ ದೀಪಕ್ಕೆ ಕರುಣೆ ಬಂದೀತು ಎಂಬಂತೆ. ಗಾಜಿನಾಚೆಯಿಂದ ಅವನನ್ನೇ ನೋಡುತ್ತಿದ್ದಳು. ಅವನು ಬಲ್ಬು ನೋಡುವ ನೆಪದಲ್ಲಿ ತಲೆ ತಗ್ಗಿಸಿದ.

"ಹಂಗಾರ ಏನು?" ಪಂಢರಿನಾಥ ಕೇಳಿದರು.

"ಸ್ವಿಚ್ ಬರೋಬ್ಬರಿ ಐತ್ರಿ," ಎಂದ ಆದಿನಾಥ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಅದನ್ನು ಗಮನಿಸಿದ. ಗಮನಿಸಿ ಒಂದು ಕ್ಷಣ ಸಮಾಧಾನವನ್ನೂ ಪಟ್ಟ. ಅಷ್ಟು ನೀಚನಾಗಲು ಸಾಧ್ಯ ಎಂದು ಅವನಿಗೆ ತನ್ನ ಬಗ್ಗೆ ಗೊತ್ತಿರಲಿಲ್ಲ.

"ನಕ್ಕಿ? ಖಾತ್ರಿ ಐತೇನು?"

"ನಕ್ಕಿ ರೀ."

ಪಂಢರಿನಾಥ ಪುಸ್ತಕ ಮುಚ್ಚಿದರು. ಗೆದ್ದವರ ಮುಖವಲ್ಲ ಅದು. ಸೊಸೆ ಸುಳ್ಳಿಯಲ್ಲ ಎಂದು ಗಾಡಿಯಾದರೂ ಹೇಳಲಿ ಎಂದು ಅವರೂ ಒಳಗೊಳಗೇ ಕಾಯುತ್ತಿದ್ದರೆಂದು ಕಾಣುತ್ತದೆ. ಮೊಮ್ಮಗಳ ತೋಳು ಹಿಡಿದು ಒಳಗೆ ಹೋದರು. ಸಾನಿಕಾ ಗಾಡಿಯಿಂದ ಇಳಿಯಲೇ ಇಲ್ಲ ಬಹಳ ಹೊತ್ತು. ಇಳಿದಾಗ ಬಲಗಾಲಿನ ಪಾದವನ್ನೇ ನೋಡುತ್ತಿದ್ದಳು, ಚಪ್ಪಲಿಯೊಳಗೆ ಬೆರಳು ಆಡಿಸಿ ನೋಡುತ್ತಿದ್ದಳು. ಯಾರೂ ಅಳಲಿಲ್ಲ, ಯಾರೂ ಕೂಗಾಡಲಿಲ್ಲ. ಅವಳ ಬ್ಯಾಗು ಮೊದಲೇ ತುಂಬಿಟ್ಟಾಗಿತ್ತು. ಚಹಾ ಬಂತು, ಆದಿನಾಥ ಕುಡಿದ. ಪರಾಗ, "ಕಾಕಾ, ಹೆಂಗೂ ಬೆಳಗಾವಿಗೆ ಹೊಂಟೀರಿ. ಆಕೀನ್ನ ಬಸ್ಸಿನ್ಯಾಗ ಕರಕೊಂಡ ಹೋಗ್ರಿ, ಅಲ್ಲೇ ಶಹಾಪುರದಾಗ ಆಕೀ ತವರಮನಿ ಮಟಾ ಬಿಟ್ರ ಭಾಳ ಛಲೋ ಆಗ್ತೈತಿ" ಎಂದ. ಇಂಥ ಮಾತಿಗೆ ಇಲ್ಲ ಎನ್ನಲು ಯಾವ ಕಾರಣ ಹೇಳುವುದು? ಆದಿನಾಥ ಅವಳ ಬ್ಯಾಗು ಎತ್ತಿಕೊಂಡ. ಹಿಂದೆ ಮನೆಯೊಳಗೆ ಮುಗ್ಧಾ ಏನೋ ಕೇಳುತ್ತಿದ್ದಳು, ಅಜ್ಜ ಏನೋ ಹೇಳುತ್ತಿದ್ದರು. ಗೇಟಿನ ಎಡಗಂಬದ ಪಕ್ಕ ದಾಟುವಾಗ ಸಾನಿಕಾ ಮೈ ಓರೆ ಮಾಡಿಕೊಂಡು ದಾಟಿದಳು.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಕಂಡಕ್ಟರ್ ಬಂದು, "ಏನ್ರಿ ಯಜಮಾನ್ರ, ಮಗಳೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳಿಗೆ ಹೆಣ್ಣುಮಕ್ಕಳ ಬಿಟ್ಟಿ ಟಿಕೆಟ್ಟು ಹರಿದು ಕೊಟ್ಟ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಬಸ್ಸು ಪ್ರಭುನಗರ ದಾಟಿತು. ಆಮೇಲೆ ಕಿಟಕಿಯ ಕಡೆಯೇ ನೋಡುತ್ತ, ಯಾರಿಗೋ ಲೆಕ್ಕ ಒಪ್ಪಿಸುವ ದನಿಯಲ್ಲಲ್ಲ, ಬಹಳ ದಣಿದ ದನಿಯಲ್ಲಿ, "ಕಾಕಾ, ನಾನ ತುಳದಿರಬೇಕು," ಎಂದಳು. "ಕಾಲು ಹೋಗಿರಬೇಕು. ನನಗ ಖಬರ್ ಇಲ್ಲ ಅಷ್ಟ. ಎರಡ ತಿಂಗಳಾತು, ಕಣ್ಣ ಮುಚ್ಚಿದ್ರ ಬರೇ ಕೀಲಿ ಕಾಣ್ತಿತ್ತು, ಕಾಲ ಕಾಣ್ತಿರಲಿಲ್ಲ. ಇವತ್ತ ಗಾಡ್ಯಾಗ ಕುಂತಾಗ ಕಾಲೂ ಕಂಡಂಗ ಆತು. ತುಳದಂಗ ಆತು."

ಅವಳ ಮನೆ, ಅವಳ ಮಗಳು ಹೋದದ್ದು ಸಾಲದೆಂದು ಅವಳ ತಲೆಯೊಳಗಿದ್ದ ಒಂದೇ ಒಂದು ಖರೆಯನ್ನೂ ಆದಿನಾಥ ಕಿತ್ತುಕೊಂಡಿದ್ದ. ಇದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ನೀ ತುಳದಿಲ್ಲ ಯವ್ವಾ. ನಾ ಆ ಸ್ವಿಚ್ ಡೈರೆಕ್ಟ್ ಮಾಡಿದ್ದೆ, ಶ್ರಾವಣದಾಗ. ಎರಡ ವೈರ್ ಕೂಡಿಸಿ ಬಿಟ್ಟಿದ್ದೆ. ಯಾವ ಗೇರಿನ್ಯಾಗಿದ್ರೂ ಚಾಲೂ ಆಗ್ತಿತ್ತು. ಪರಾಗಗ ಗೊತ್ತೈತಿ. ಇವತ್ತ ನೋಡಿದ ಸ್ವಿಚ್ ಹೊಸಾದು, ಆಮ್ಯಾಲ ಹಾಕ್ಸಿದ್ದು. ನೀ ಹೇಳಿದ್ದ ಖರೆ. ಡಿ-ದಾಗ ಚಾಲೂ ಆಗೇತಿ."

ಅವಳು ತಿರುಗಿ ಅವನನ್ನು ನೋಡಿದಳು. ಮುಖದಲ್ಲಿ ಸಿಟ್ಟು ಬರಲಿ, ಉಗುಳಲಿ, ಬಸ್ಸಿನ ಮಂದಿಯೆದುರು ಕಪಾಳಕ್ಕೆ ಹೊಡೆಯಲಿ ಎಂದು ಅವನು ಕಾದ. ಅವಳ ಮುಖ ಮೆತ್ತಗಾಯಿತು. ಕಣ್ಣು ತುಂಬಿತು.

"ಭಾಳ ಒಳ್ಳೇವ್ರಿದ್ದೀರಿ ಕಾಕಾ ನೀವು," ಎಂದಳು. "ನನ್ನ ಸಲುವಾಗಿ ಹಿಂಗ ಹೇಳಬ್ಯಾಡ್ರಿ. ನಮ್ಮ ಮನಿಯವ್ರ ಹೆಸರೂ ನಡುವ ತರಬ್ಯಾಡ್ರಿ."

"ಯವ್ವಾ, ಖರೇನ ಹೇಳಾಕತ್ತೇನಿ. ಇಳಿಯೂಣು ಇಲ್ಲೇ. ತಿರುಗಿ ಹೋಗೂಣು. ಮಾಸ್ತರ್ ಮುಂದ ನಿಂತ ಹೇಳ್ತೇನಿ." ಅವನ ದನಿ ಎದ್ದಿತ್ತು. ಮುಂದಿನ ಸೀಟಿನ ಇಬ್ಬರು ಹಿಂದೆ ತಿರುಗಿ ನೋಡಿದರು.

"ಬಾಬಾ ಎರಡ ಸಲ ಕೇಳಿದ್ರಲ್ಲ. ನಕ್ಕಿ ಅಂತನೂ ಕೇಳಿದ್ರು. ಖರೆ ಇದ್ರ ನೀವು ಅಲ್ಲೇ ಹೇಳ್ತಿದ್ರಿ. ನಿಮ್ಮಂಥಾವ್ರು ಹೇಳದ ಇರ್ತಿದ್ರೇನು?" ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. "ಈಗ ತಿರುಗಿ ಹೋದ್ರ, ಬಸ್ಸಿನ್ಯಾಗ ಕುಂತ ನಾನ ನಿಮಗ ಕಲಿಸೇನಿ ಅಂತಾರ. ಮುಗ್ಧಾನ ಮಾರೀನೂ ತೋರಸಂಗಿಲ್ಲ ಆಮ್ಯಾಲ."

ಆದಿನಾಥ ಮತ್ತೆ ಬಾಯಿ ತೆರೆದ. ಅವಳು ಅವನ ಕೈಯ ಮೇಲೆ ಮೆಲ್ಲಗೆ ತಟ್ಟಿದಳು, ದೊಡ್ಡವಳು ಸಣ್ಣವನಿಗೆ ತಟ್ಟುವ ಹಾಗೆ.

"ಆಯಿ ಇದ್ದಾಗ, ಮುಗ್ಧಾ ಬಿದ್ದ ಅಳಾಕತ್ತರ ಓಡಿ ಬಂದ ನೆಲಕ್ಕ ಹೊಡೀತಿದ್ರು. ಇದರದ್ದ ತಪ್ಪು, ಇದರದ್ದ ತಪ್ಪು ಅಂತ. ಆಕೀ ಸುಮ್ಮನಾಗ್ತಿದ್ಲು," ಎಂದಳು ಸಾನಿಕಾ. "ನಾ ಕೂಸಲ್ರಿ ಕಾಕಾ."